ಒಂಬತ್ತು ವರ್ಷ, 1,15,000 ಮೈಲಿ: ನಮ್ಮ ಮನೆಯ ಫೋರ್ಡ್ ಫ್ಯೂಶನ್ ಹೈಬ್ರಿಡ್

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಅಷ್ಟಕ್ಕೇ ಬಂದವರು ಓದಿಕೊಂಡು ಹೋಗಬಹುದು.

ಕಾರು 2014ರ ಫೋರ್ಡ್ ಫ್ಯೂಶನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಕಾರು. 2016ರ ಮೇ ತಿಂಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಾಗ 31,000 ಮೈಲಿ ಓಡಿತ್ತು. ಈಗ ಮೀಟರ್ 1,46,000 ತೋರಿಸುತ್ತಿದೆ. ನಾನು ಓಡಿಸಿದ್ದು 1,15,000 ಮೈಲಿ, ಅಂದರೆ ಸುಮಾರು 1,85,000 ಕಿಲೋಮೀಟರ್. ಬೇಸಿಗೆಯಲ್ಲಿ ಗ್ಯಾಲನ್‌ಗೆ 43, 44 ಮೈಲಿ ಸಿಗುತ್ತದೆ. ಜನವರಿಯಲ್ಲಿ 34ಕ್ಕೆ ಇಳಿಯುತ್ತದೆ. ವರ್ಷವಿಡೀ ಸೇರಿಸಿದರೆ 40ರ ಹತ್ತಿರ, ನಮ್ಮೂರ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್. ದೊಡ್ಡ ಹೈಬ್ರಿಡ್ ಬ್ಯಾಟರಿ ಕಾರಿನ ಜೊತೆ ಬಂದದ್ದೇ ಇದೆ. ಬ್ರೇಕ್ ಪ್ಯಾಡ್ ಒಂದೇ ಸಲ ಬದಲಾಯಿಸಿದ್ದೇನೆ.

ನಾವಿರುವುದು ಮಿಶಿಗನ್‌ನ ಕ್ಯಾಂಟನ್‌ನಲ್ಲಿ. ಫೋರ್ಡ್ ಕಂಪನಿಯ ಊರು ಡಿಯರ್‌ಬಾರ್ನ್ ಇಲ್ಲಿಂದ ಅರ್ಧ ಗಂಟೆ. ಈ ಕಡೆಯ ಹಳೇ ಜನ ‘ಫೋರ್ಡ್‌ನಲ್ಲಿ ಕೆಲಸ’ ಅನ್ನುವುದಿಲ್ಲ, ‘ಫೋರ್ಡ್ಸ್‌ನಲ್ಲಿ’ ಅನ್ನುತ್ತಾರೆ. ನಮ್ಮಲ್ಲಿ ‘ಗೌಡರ ಹತ್ರ ಕೆಲಸಕ್ಕಿದ್ದಾನೆ’ ಅಂತಾರಲ್ಲ, ಹಾಗೆ. ಸುಮ್ನೆ ರೂಢಿಯ ಮಾತೂ ಅಲ್ಲ. ಕಂಪನಿಯ ಷೇರುದಾರರ ಮತಗಳಲ್ಲಿ ಶೇಕಡಾ 40ರಷ್ಟು ಇವತ್ತಿಗೂ ಫೋರ್ಡ್ ಕುಟುಂಬದ ಕೈಯಲ್ಲೇ ಇದೆ. ಕಂಪನಿ ಕಟ್ಟಿದ ಹೆನ್ರಿ ಫೋರ್ಡ್‌ನ ಮರಿಮಗ ಬಿಲ್ ಫೋರ್ಡ್ 1999ರಿಂದ ಅಧ್ಯಕ್ಷ.

ನನಗೆ ಫೋರ್ಡ್ ಪರಿಚಯ ಆಗಿದ್ದು ಮಾತ್ರ ಹಾಸನದಲ್ಲಿ. ಅಪ್ಪನ ಹತ್ತಿರ 2003ರ ಐಕಾನ್ ಇತ್ತು, 1.3 ಪೆಟ್ರೋಲ್, ಚೆನ್ನೈ ಪಕ್ಕದ ಮರೈಮಲೈ ನಗರದಲ್ಲಿ ತಯಾರಾದದ್ದು. ‘ಜೋಶ್ ಮಷೀನ್’ ಜಾಹೀರಾತು ನೆನಪಿದೆ ಅಲ್ವಾ? ಅಪ್ಪ ಜೋಶ್‌ಗೆ ಬಿದ್ದು ಕೊಂಡವರಲ್ಲ. ಬಾಗಿಲು ಹಾಕಿದಾಗ ಬರುವ ‘ಧಪ್’ ಶಬ್ದಕ್ಕೆ ಮನಸೋತು ಕೊಂಡರು. ಆಗಿನ ಬೇರೆ ಸಣ್ಣ ಕಾರುಗಳ ಬಾಗಿಲು ಡಬ್ಬಿ ಮುಚ್ಚಳದ ಹಾಗೆ ಸದ್ದು ಮಾಡುತ್ತಿದ್ದವು. ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ಕಾರು ನೆಲಕ್ಕೆ ಅಂಟಿಕೊಂಡೇ ಹೋಗುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೆ ರಸ್ತೆ ಹೇಗಿದೆ ಅಂತ ಕೈಗೇ ಗೊತ್ತಾಗುವುದು ನಾನು ಕಲಿತದ್ದು ಅದರಲ್ಲೇ. ಹನ್ನೊಂದು ವರ್ಷ ಇಟ್ಟುಕೊಂಡು 2014ರಲ್ಲಿ ಮಾರಿದರು.

ಹಾಗಂತ ಇಲ್ಲಿ ನಾನು ಫೋರ್ಡ್ ಹುಡುಕಿಕೊಂಡು ಹೋಗಲಿಲ್ಲ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದರೆ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಜಪಾನಿ ಕಂಪನಿಗಳ ಕಾರುಗಳೇ, ಕ್ಯಾಮ್ರಿ, ಅಕಾರ್ಡ್, ಸಿಯೆನ್ನಾ. ನಾನೂ ಕ್ಯಾಮ್ರಿ ಹೈಬ್ರಿಡ್ ನೋಡಲು ಹೋದವನೇ. ಅಷ್ಟೇ ಹಳೆಯ ಫ್ಯೂಶನ್ ಮೂರು ಸಾವಿರ ಡಾಲರ್ ಕಡಿಮೆಗೆ ಸಿಕ್ಕಿತು. ಮುಖ ನೋಡಿದರೆ ಬ್ರಿಟನ್ನಿನ ದುಬಾರಿ ಸ್ಪೋರ್ಟ್ಸ್ ಕಾರು ಆಸ್ಟನ್ ಮಾರ್ಟಿನ್ ಹಾಗೆ. 2007ರವರೆಗೆ ಆಸ್ಟನ್ ಮಾರ್ಟಿನ್ ಫೋರ್ಡ್ ಕೈಯಲ್ಲೇ ಇತ್ತಲ್ಲ, ಆ ನೆರಳು ಉಳಿದಿರಬೇಕು. ಬಾಗಿಲು ಹಾಕಿ ನೋಡಿದೆ. ‘ಧಪ್’. ಅಲ್ಲಿಗೆ ಮುಗಿಯಿತು.

ಒಂದು ತಮಾಷೆ ಹೇಳಬೇಕು. ‘ಅಮೆರಿಕನ್ ಕಾರು’ ಕೊಂಡೆ ಎಂದುಕೊಂಡರೆ ಇದು ತಯಾರಾಗಿದ್ದು ಮೆಕ್ಸಿಕೋದ ಎರ್ಮೊಸಿಯೊದಲ್ಲಿ. ಪಕ್ಕದ ಮನೆಯ ‘ಜಪಾನಿ’ ಕ್ಯಾಮ್ರಿ ಕೆಂಟಕಿಯದ್ದು. ನಮ್ಮ ಕಾರಿನ ಗೇರ್‌ಬಾಕ್ಸ್ ಮಾತ್ರ ಇಲ್ಲೇ, ಮಿಶಿಗನ್‌ನ ಸ್ಟರ್ಲಿಂಗ್ ಹೈಟ್ಸ್‌ನದ್ದು.

ಆ ಗೇರ್‌ಬಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಈ ಕಾರಿನ ಜೀವ ಅದು. ಇದು ಸಿವಿಟಿ, ಅಂದರೆ ಒಂದೊಂದೇ ಗೇರು ಬದಲಾಯಿಸದೆ ವೇಗ ಹೊಂದಿಸುವ ಗೇರ್‌ಬಾಕ್ಸ್. ಸಿವಿಟಿ ಅಂದ ಕೂಡಲೇ ಜನ ಬೆಲ್ಟ್ ಕಿತ್ತುಹೋಗುತ್ತದೆ ಎಂದು ಹೆದರುತ್ತಾರೆ. ಇದರಲ್ಲಿ ಬೆಲ್ಟೇ ಇಲ್ಲ. ಎರಡು ವಿದ್ಯುತ್ ಮೋಟಾರು, ಒಂದು 2 ಲೀಟರ್ ಎಂಜಿನ್, ಇವನ್ನು ಸೇರಿಸುವ ಪ್ಲಾನೆಟರಿ ಗೇರು (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವಂಥದ್ದು), ಅಷ್ಟೇ. ಕ್ಲಚ್ ಸವೆಯುವ ಮಾತಿಲ್ಲ. ಟೊಯೋಟಾದವರದ್ದೂ ಇದೇ ತತ್ವ. ಹಿಂದೆ 2004ರಲ್ಲಿ ಬಂದ ಫೋರ್ಡ್ ಎಸ್ಕೇಪ್ ಹೈಬ್ರಿಡ್ ಕೂಡ ಇದೇ ದಾರಿಯದ್ದು. ಅದು ನ್ಯೂಯಾರ್ಕ್‌ನಲ್ಲಿ ಹಳದಿ ಟ್ಯಾಕ್ಸಿಯಾಗಿ ಹಗಲು ರಾತ್ರಿ ದುಡಿದ ಗಾಡಿ. ಅದನ್ನು ತಿಳಿದೇ ನಾನು ಧೈರ್ಯ ಮಾಡಿದ್ದು.

ಡ್ಯಾಶ್‌ಬೋರ್ಡಿನ ಬಲಗಡೆ ಒಂದು ಸಣ್ಣ ಬಳ್ಳಿ ಇದೆ. ನಿಧಾನಕ್ಕೆ, ಹದವಾಗಿ ಓಡಿಸಿದರೆ ಹಸಿರು ಎಲೆ ಚಿಗುರುತ್ತದೆ. ಗಡಿಬಿಡಿ ಮಾಡಿದರೆ ಉದುರುತ್ತದೆ. ಬ್ರೇಕ್ ಒತ್ತಿ ನಿಂತ ಕೂಡಲೇ, ಎಷ್ಟು ಶಕ್ತಿ ಬ್ಯಾಟರಿಗೆ ವಾಪಸ್ ಹೋಯಿತು ಎಂದು ಶೇಕಡಾವಾರು ಅಂಕ ಬರುತ್ತದೆ. ಮಗಳು ಹಿಂದಿನ ಸೀಟಿನಲ್ಲಿ ಕೂತು ನನ್ನ ಪ್ರತಿ ಬ್ರೇಕಿಗೂ ಮೇಷ್ಟ್ರ ಹಾಗೆ ಅಂಕ ಓದುತ್ತಿದ್ದಳು. 100 ಬರಬೇಕಾದರೆ ದೂರದಿಂದಲೇ ಮೆಲ್ಲಗೆ ಒತ್ತಬೇಕು. ಒಂಬತ್ತು ವರ್ಷದಲ್ಲಿ ಒಂದೇ ಸೆಟ್ ಬ್ರೇಕ್ ಪ್ಯಾಡ್ ಆಗಿದ್ದರ ಗುಟ್ಟು ಇದೇ. ಅಪ್ಪ ಬಂದಾಗ ಎಲೆ ನೋಡಿ, “ಅಡಿಕೆ ಎಲ್ಲಿ ಬರುತ್ತೆ?” ಎಂದರು.

ಚಳಿಗಾಲದ ವಿಷಯ. ಹೈಬ್ರಿಡ್‌ನಲ್ಲಿ ಹೀಟರ್ ಬಿಸಿಯಾಗಬೇಕಾದರೆ ಎಂಜಿನ್ ಓಡಲೇಬೇಕು. ಮೈನಸ್ 15 ಡಿಗ್ರಿಯಲ್ಲಿ ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಆಫ್ ಆಗುವುದಿಲ್ಲ. ಮೈಲೇಜು ಇಳಿಯುವುದು ಅದಕ್ಕೇ, ಯಾವ ಕಂಪನಿಯ ಹೈಬ್ರಿಡ್ ಆದರೂ ಅಷ್ಟೇ. ಅದೇ ಚಳಿಯಲ್ಲಿ ಎರಡು ಸಣ್ಣ ಸಂಗತಿಗಳು ದೇವರಂತೆ ಕಾಣುತ್ತವೆ. ಒಂದು, ಪೆಟ್ರೋಲ್ ಟ್ಯಾಂಕಿಗೆ ತಿರುಗಿಸುವ ಮುಚ್ಚಳವೇ ಇಲ್ಲ, ನಾಜಲ್ ತೂರಿಸಿದರೆ ತಾನೇ ತೆರೆಯುತ್ತದೆ. ಇನ್ನೊಂದು, ಚಾಲಕನ ಬಾಗಿಲ ಮೇಲಿನ ನಂಬರ್ ಗುಂಡಿಗಳು. 1980ರಿಂದ ಫೋರ್ಡ್ ಇದನ್ನು ಕೊಡುತ್ತಾ ಬಂದಿದೆ. ಕೀ ಒಳಗೇ ಬಿಟ್ಟು ಈಜಲು, ಓಡಲು ಹೋಗಬಹುದು. ಬೇರೆ ಕಂಪನಿಯ ಕಾರು ಕೊಂಡ ಮೇಲೆ ಇದನ್ನು ನೆನೆಸಿಕೊಂಡು ಕೊರಗುವ ಹಳೇ ಫೋರ್ಡ್ ಮಾಲೀಕರು ನನಗೆ ಬೇಕಾದಷ್ಟು ಜನ ಗೊತ್ತು.

ಡಿಕ್ಕಿ, ಅಂದರೆ ಹಿಂದೆ ಸಾಮಾನಿಡುವ ಜಾಗ, ಅದರ ಬಗ್ಗೆ ಗಮನವಿರಲಿ. ಬ್ಯಾಟರಿ ಹಿಂದಿನ ಸೀಟಿನ ಬೆನ್ನಿಗೆ ಕೂತಿದೆ. ಸಾದಾ ಫ್ಯೂಶನ್‌ಗೆ 16 ಘನ ಅಡಿ ಜಾಗ ಇದ್ದರೆ ಹೈಬ್ರಿಡ್‌ಗೆ 12. ಡೆಟ್ರಾಯಿಟ್ ಏರ್‌ಪೋರ್ಟಿನಿಂದ ಅಪ್ಪ ಅಮ್ಮನನ್ನು ಕರೆತರುವಾಗ ನಾಲ್ಕು ಸೂಟ್‌ಕೇಸಿನಲ್ಲಿ ಎರಡು ಅಮ್ಮನ ಪಕ್ಕ ಸೀಟಿನ ಮೇಲೆ ಕೂತು ಬಂದವು.

ಅದು 2018ರ ಜೂನ್. ಅಪ್ಪನನ್ನು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂಗೆ, ಪಕ್ಕದ ಬಯಲು ಮ್ಯೂಸಿಯಂ ಗ್ರೀನ್‌ಫೀಲ್ಡ್ ವಿಲೇಜ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಫೋರ್ಡ್‌ನ ಹಳೇ ಕಾಲದ ಕಾರು ಮಾಡೆಲ್ ಟಿಯಲ್ಲಿ ಒಂದು ಸುತ್ತು ಕೂರಿಸುತ್ತಾರೆ. ಅಪ್ಪ ಡ್ರೈವರ್ ಪಕ್ಕ ಕೂತು ಅವನ ಕಾಲನ್ನೇ ನೋಡುತ್ತಿದ್ದರು. ಮೂರು ಪೆಡಲ್ ಇವೆ, ಒಂದೂ ನಮಗೆ ಗೊತ್ತಿರುವ ಜಾಗದಲ್ಲಿಲ್ಲ. ಎಡಗಡೆಯದು ಗೇರಿಗೆ, ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಆಕ್ಸಿಲರೇಟರ್ ಕಾಲಲ್ಲೇ ಇಲ್ಲ, ಸ್ಟೀರಿಂಗ್ ಕೆಳಗೆ ಕೈಯಲ್ಲಿ ಎಳೆಯುವ ಕಡ್ಡಿ. ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ, ಪಂಪ್ ಇಲ್ಲ, ಎಣ್ಣೆ ತಾನೇ ಇಳಿದು ಎಂಜಿನ್‌ಗೆ ಹೋಗಬೇಕು. ಕಡಿದಾದ ಏರಿನಲ್ಲಿ ಟ್ಯಾಂಕು ಖಾಲಿಯಾಗುತ್ತಾ ಬಂದಿದ್ದರೆ ಎಣ್ಣೆ ಮುಂದಕ್ಕೆ ಹೋಗುತ್ತಿರಲಿಲ್ಲ. ಜನ ಕಾರು ತಿರುಗಿಸಿ ರಿವರ್ಸ್‌ನಲ್ಲಿ ಹತ್ತುತ್ತಿದ್ದರು. ಇದನ್ನು ಕೇಳಿ ಅಪ್ಪ, “ಹಾಗಾದರೆ ಶಿರಾಡಿ ಪೂರ್ತಿ ಹಿಂದೆ ಹಿಂದೆ ಹತ್ತಬೇಕಿತ್ತು” ಎಂದು ಮೂರು ದಿನ ನಕ್ಕರು.

ಕಂಪನಿ ಶುರುವಾಗಿದ್ದು 1903ರ ಜೂನ್ 16ರಂದು, 28,000 ಡಾಲರ್ ನಗದಿನಲ್ಲಿ. ಅದಕ್ಕೆ ಮೊದಲು ಹೆನ್ರಿ ಎರಡು ಸಲ ಕೈ ಸುಟ್ಟುಕೊಂಡಿದ್ದ. ಅವನು ಬಿಟ್ಟುಬಂದ ಎರಡನೇ ಕಂಪನಿಯೇ ಮುಂದೆ ಕ್ಯಾಡಿಲಾಕ್ ಕಾರು ಕಂಪನಿ ಆಯಿತು. 1908ರಲ್ಲಿ ಮಾಡೆಲ್ ಟಿ ಬಂದಾಗ ಬೆಲೆ 850 ಡಾಲರ್. 1920ರ ದಶಕದ ನಡುವೆ 300ಕ್ಕೂ ಕೆಳಗೆ ಇಳಿಯಿತು. ಕಾರಣ 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಶುರುವಾದ ಚಲಿಸುವ ಜೋಡಣೆ ಸಾಲು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಷಾಸಿ ಜೋಡಣೆ ಒಂದೂವರೆ ಗಂಟೆಗೆ ಬಂತು. ಆದರೆ ದಿನವಿಡೀ ಒಂದೇ ನಟ್ ತಿರುಗಿಸುವ ಕೆಲಸಕ್ಕೆ ಜನ ನಿಲ್ಲುತ್ತಿರಲಿಲ್ಲ. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಸಂಬಳ ಘೋಷಿಸಿದ್ದು ಧಾರಾಳತನಕ್ಕಿಂತ ಆ ತಾಪತ್ರಯಕ್ಕೆ. ಅದೂ ಸುಮ್ನೆ ಸಿಗುತ್ತಿರಲಿಲ್ಲ. ಕುಡಿಯುತ್ತೀಯಾ, ಮನೆ ಚೊಕ್ಕವಾಗಿದೆಯಾ ಎಂದು ಕಂಪನಿಯ ಜನ ಮನೆಗೇ ಬಂದು ನೋಡುತ್ತಿದ್ದರು.

ಗಾಂಧೀಜಿ ಹೆನ್ರಿ ಫೋರ್ಡ್‌ಗೆ ಒಂದು ಚರಕ ಕಳಿಸಿದ್ದರು, 1942ರಲ್ಲಿ ಅವನ ಕೈ ಸೇರಿತು. ಯಂತ್ರದ ವಿರುದ್ಧ ಮಾತಾಡಿದವರು ಯಂತ್ರದ ರಾಜನಿಗೆ ಚರಕ ಕೊಟ್ಟದ್ದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು. ಇದೇ ಮನುಷ್ಯ 1920ರ ದಶಕದಲ್ಲಿ ತನ್ನ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿದವನು. 1937ರಲ್ಲಿ ಅವನ ಜನ ಕಾರ್ಮಿಕ ಸಂಘದವರಿಗೆ ಸೇತುವೆ ಮೇಲೆ ಹಾಕಿ ಬಡಿದಿದ್ದರು. ಮ್ಯೂಸಿಯಂ ನೋಡಿ ಖುಷಿಪಟ್ಟು ಬರುವಾಗ ಇದನ್ನೂ ಜೊತೆಗಿಟ್ಟುಕೊಳ್ಳಬೇಕು.

ಅಪ್ಪ ಬರುವ ಎರಡು ತಿಂಗಳ ಮೊದಲಷ್ಟೇ ಫೋರ್ಡ್ ಅಮೆರಿಕದಲ್ಲಿ ಸೆಡಾನ್ ನಿಲ್ಲಿಸುವುದಾಗಿ ಹೇಳಿತ್ತು. ಪಿಕಪ್, ಎಸ್‌ಯುವಿ, ಜೊತೆಗೆ ಮಸ್ಟಾಂಗ್, ಅಷ್ಟೇ ಸಾಕು ಎಂದು. 2020ರಲ್ಲಿ ಫ್ಯೂಶನ್ ನಿಂತಿತು. 2021ರ ಸೆಪ್ಟೆಂಬರ್ 9ರಂದು ಅಪ್ಪ ಫೋನ್ ಮಾಡಿ, “ಟಿವಿ ನೋಡಿದ್ಯಾ? ಇಲ್ಲೂ ಮುಚ್ತಾರಂತೆ” ಎಂದರು. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವ ಸುದ್ದಿ. ಅದು ಎರಡನೇ ಸಲ. 1926ರಲ್ಲಿ ಭಾರತಕ್ಕೆ ಬಂದ ಫೋರ್ಡ್ 1950ರ ದಶಕದಲ್ಲಿ ಹೋಗಿ, 1995ರಲ್ಲಿ ಮಹೀಂದ್ರಾ ಜೊತೆ ಸೇರಿ ವಾಪಸ್ ಬಂದಿತ್ತು. ಗುಜರಾತಿನ ಸಾನಂದ್‌ನಲ್ಲಿದ್ದ ಫೋರ್ಡ್ ಕಾರ್ಖಾನೆ ಟಾಟಾ ಪಾಲಾಯಿತು. ಫೋರ್ಡ್ ಕೈಯಲ್ಲಿದ್ದ ಜಾಗ್ವಾರ್, ಲ್ಯಾಂಡ್ ರೋವರ್ 2008ರಲ್ಲೇ ಟಾಟಾಗೆ ಹೋಗಿದ್ದವು.

ಬಿಡುವುದು ಈ ಕಂಪನಿಗೆ ಹೊಸದಲ್ಲ. 1927ರಲ್ಲಿ ಹೆನ್ರಿಯೇ ಒಂದೂವರೆ ಕೋಟಿ ಮಾಡೆಲ್ ಟಿ ಆದ ಮೇಲೆ ಅದನ್ನು ನಿಲ್ಲಿಸಿದ. ಮುಂದಿನ ಕಾರು ತಯಾರಿರಲಿಲ್ಲ, ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿತ್ತು. 2006ರಲ್ಲಿ ವಿಮಾನ ಕಂಪನಿ ಬೋಯಿಂಗ್‌ನಿಂದ ಅಲನ್ ಮುಲಾಲಿ ಸಿಇಒ ಆಗಿ ಬಂದ ವರ್ಷ, 2,300 ಕೋಟಿ ಡಾಲರ್‌ಗೂ ಜಾಸ್ತಿ ಸಾಲಕ್ಕೆ ಕಾರ್ಖಾನೆಗಳ ಜೊತೆ ಆ ನೀಲಿ ಲಾಂಛನವನ್ನೂ ಅಡವಿಟ್ಟರು, ತಾಳಿ ಅಡವಿಟ್ಟ ಹಾಗೆ. 2012ರಲ್ಲಿ ಬಿಡಿಸಿಕೊಂಡರು. ಮುಂದೆ ಜನರಲ್ ಮೋಟರ್ಸ್, ಕ್ರೈಸ್ಲರ್ ಸರ್ಕಾರದ ದುಡ್ಡಿಗೆ ಕೈಚಾಚಿ ದಿವಾಳಿ ಕೋರ್ಟು ಹತ್ತಿದಾಗ ಫೋರ್ಡ್ ಆ ದಾರಿ ಹಿಡಿಯದೆ ಪಾರಾದದ್ದು ಆ ಸಾಲದಿಂದ. ನನ್ನ ಫ್ಯೂಶನ್ ರೂಪುಗೊಂಡದ್ದು ಅದೇ ಕಾಲದಲ್ಲಿ.

ಕೊಳ್ಳುವವರಿಗೆ ಎಚ್ಚರಿಕೆಯ ಮಾತುಗಳೂ ಇವೆ, ಎಲ್ಲ ಬಹಿರಂಗ ದಾಖಲೆಯಲ್ಲಿ ಇರುವಂಥವು. ಈ ಕಾರಿಗೆ ಮೊದಲು ಗ್ಯಾಲನ್‌ಗೆ 47 ಮೈಲಿ ಎಂದು ಚೀಟಿ ಅಂಟಿಸಿದ್ದರು. 2014ರ ಜೂನ್‌ನಲ್ಲಿ ಫೋರ್ಡ್ ತಾನೇ ಅದನ್ನು 42ಕ್ಕೆ ಇಳಿಸಿ ಆಗಿನ ಮಾಲೀಕರಿಗೆ ಚೆಕ್ ಕಳಿಸಿತು. 2012ರಿಂದ 2016ರವರೆಗಿನ ಫೋಕಸ್, ಅದೇ ಕಾಲದ ಫಿಯೆಸ್ಟಾದ ಪವರ್‌ಶಿಫ್ಟ್ ಎಂಬ ಎರಡು ಕ್ಲಚ್‌ನ ಗೇರ್‌ಬಾಕ್ಸ್ ತೊಂದರೆ ಕೊಟ್ಟು ಕೋರ್ಟು ಕಂಡಿತು, 2020ರಲ್ಲಿ ರಾಜಿಯಾಯಿತು. ಫ್ಯೂಶನ್ ಹೈಬ್ರಿಡ್‌ನದ್ದು ಆ ಗೇರ್‌ಬಾಕ್ಸ್ ಅಲ್ಲ, ಗೊಂದಲ ಬೇಡ. 2025ರಲ್ಲಿ ಫೋರ್ಡ್ ಮಾಡಿದಷ್ಟು ರಿಕಾಲ್‌ಗಳನ್ನು (ದೋಷ ಸರಿಪಡಿಸಲು ಕಾರು ವಾಪಸ್ ಕರೆಯುವುದು) ಅಮೆರಿಕದಲ್ಲಿ ಯಾವ ಕಂಪನಿಯೂ ಒಂದು ವರ್ಷದಲ್ಲಿ ಮಾಡಿರಲಿಲ್ಲ. ಹಾಗಾಗಿ ಯಾವ ಫೋರ್ಡ್ ಕೊಂಡರೂ ಷಾಸಿ ನಂಬರ್ ಹಾಕಿ ಬಾಕಿ ರಿಕಾಲ್ ಇದೆಯಾ ನೋಡಿ.

ನನಗಾದ ಒಂದೇ ದೊಡ್ಡ ಗಾಬರಿ 2021ರ ಜನವರಿಯದು. ಬೆಳಿಗ್ಗೆ ಕಾರು ಉಸಿರೇ ಎತ್ತಲಿಲ್ಲ. ಟೋ ಮಾಡಿಸಿ ಒಂದು ಗ್ಯಾರೇಜಿಗೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಫೋನ್ ಬಂತು: ಹೈಬ್ರಿಡ್ ಬ್ಯಾಟರಿ ಹೋಗಿದೆ, ಐದು ಸಾವಿರ ಡಾಲರ್ ಆಗುತ್ತದೆ. ಹೆಂಡತಿ, “ಮಾರಿಬಿಡೋಣ” ಎಂದಳು. ಸಹೋದ್ಯೋಗಿಯೊಬ್ಬ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಕಳಿಸಿದ. ಆತ ಮೀಟರ್ ಹಿಡಿದು ನೋಡಿ ನಕ್ಕುಬಿಟ್ಟ. ಹೋಗಿದ್ದದ್ದು ಸಾಮಾನ್ಯ 12 ವೋಲ್ಟ್ ಬ್ಯಾಟರಿ. ಏಳು ವರ್ಷ ಹಳೆಯದು, ನಾನೇ ಬದಲಾಯಿಸಿರಲಿಲ್ಲ. ಇನ್ನೂರು ಚಿಲ್ಲರೆ ಡಾಲರ್‌ನಲ್ಲಿ ಕೆಲಸ ಆಯಿತು. ಹೈಬ್ರಿಡ್ ಕಾರು ಎದ್ದೇಳಬೇಕಾದರೂ ಆ ಸಣ್ಣ ಬ್ಯಾಟರಿ ಬೇಕು. ಅದು ಸೋತರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿಯೇ ನಡೆಯುತ್ತದೆ, ನೋಡಿದವರು ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಅಂದಿನಿಂದ ನಾಲ್ಕು ವರ್ಷಕ್ಕೊಂದು ಬ್ಯಾಟರಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಈಗ ಹಳೆಯ ಫ್ಯೂಶನ್ ಹೈಬ್ರಿಡ್ ಕೊಳ್ಳುವುದಾದರೆ 2017ರಿಂದ 2020ರವರೆಗಿನದು ನೋಡಿ. ಅದರ ಪರದೆ ಹೊಸ ಸಿಂಕ್ 3, ನಮ್ಮದರ ಹಳೇ ಪರದೆಗಿಂತ ಬೇಗ ಮಾತು ಕೇಳುತ್ತದೆ. ಡಿಕ್ಕಿ ಜಾಸ್ತಿ ಬೇಕಿದ್ದವರು, ಎತ್ತರದ ಸೀಟು ಬೇಕಿದ್ದವರು ಬೇರೆ ಕಡೆ ಹೋಗಿ. ಎರ್ಮೊಸಿಯೊದ ಅದೇ ಕಾರ್ಖಾನೆಯಿಂದ ಈಗ ಮ್ಯಾವರಿಕ್ ಎಂಬ ಸಣ್ಣ ಪಿಕಪ್ ಬರುತ್ತಿದೆ, ಅದಕ್ಕೂ ಹೈಬ್ರಿಡ್ ಇದೆ. ಹೋದ ತಿಂಗಳು ಒಂದನ್ನು ಓಡಿಸಿ ನೋಡಿದೆ, ಚೆನ್ನಾಗಿದೆ. ಆದರೆ ಮಗಳಿಗೆ ಲರ್ನರ್ ಪರ್ಮಿಟ್ ಸಿಕ್ಕಿದೆ, ಫ್ಯೂಶನ್ ತನಗೇ ಬೇಕಂತೆ. ಈಗ ಅವಳು ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂತು ಬ್ರೇಕಿನ ಅಂಕ ಓದುತ್ತೇನೆ. ನಿನ್ನೆ 61 ಬಂತು.