ಮೈನಸ್ ಒಂದೂವರೆ ಬಂತೆಂದು ಖುಷಿಪಡಬೇಡಿ: ಫೈಬರಿನಲ್ಲಿ ಬೆಳಕು ಹೆಚ್ಚಾಗಿ ನಮಗಾದ ನಷ್ಟ

ಕರಾವಳಿಯಲ್ಲಿ, ಘಟ್ಟದ ಮೇಲೆ ಕೇಬಲ್ ಮತ್ತು ಇಂಟರ್‌ನೆಟ್ ಕೆಲಸ ಮಾಡುವವರು ದಯವಿಟ್ಟು ಇದನ್ನು ಮಳೆ ಹಿಡಿಯುವ ಮೊದಲೇ ಓದಿ. ಕಳೆದ ಆಷಾಢದಲ್ಲಿ ನಮ್ಮ ನಾಲ್ಕು ಮಾಡ್ಯೂಲ್‌ಗಳು (ಸ್ವಿಚ್ಚಿಗೆ ಸಿಕ್ಕಿಸುವ, ಫೈಬರಿನಲ್ಲಿ ಬೆಳಕು ಕಳಿಸುವ, ಹಿಡಿಯುವ ಸಣ್ಣ ಭಾಗಗಳು) ಕೆಟ್ಟವು. ಅದಕ್ಕಿಂತ ಹೆಚ್ಚು ಬೇಸರವಾಗುವುದು, ನಮ್ಮ ಇಬ್ಬರು ಹುಡುಗರು ಶಿರಸಿ ದಾರಿಯ ದೇವಿಮನೆ ಘಾಟಿನಲ್ಲಿ ಸುಮ್ಮನೆ ಎರಡು ಸಲ ನೆನೆದರಲ್ಲ, ಅದಕ್ಕೆ.

ನಾನು ಕುಮಟಾದಲ್ಲಿ ಒಂದು ಸಣ್ಣ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮಗೆ ಮೇಲಿನ ಸಂಪರ್ಕ ಬರುವುದು ಶಿರಸಿಯಿಂದ. ರಸ್ತೆ ಸುಮಾರು 60 ಕಿಲೋಮೀಟರ್, ಸುತ್ತಿಟ್ಟ ಕೇಬಲ್ ಎಲ್ಲ ಸೇರಿ ಫೈಬರ್ 64. ಎರಡೂ ಕಡೆ 10 ಜಿಗಾಬಿಟ್‌ನ, 80 ಕಿಲೋಮೀಟರ್ ಓಡುವ ಜೆಡ್‌ಆರ್ ಮಾಡ್ಯೂಲ್ ಹಾಕಿದ್ದೆವು. 1550 ನ್ಯಾನೋಮೀಟರ್ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡಿಬಿ ಕಳೆದುಕೊಳ್ಳುತ್ತದೆ. ಜಾಯಿಂಟು, ಕನೆಕ್ಟರುಗಳದ್ದೂ ಸೇರಿ ಆ ದಾರಿಯಲ್ಲಿ ನಮಗೆ ಸಿಗುತ್ತಿದ್ದದ್ದು ಮೈನಸ್ 16 ಡಿಬಿಎಂ ಆಸುಪಾಸು (ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು). ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿತ್ತು.

ಮಳೆಯಲ್ಲಿ ಕತಗಾಲದ ಮೇಲೆ ಮರ ಬಿದ್ದು ಕೇಬಲ್ ಹರಿಯಿತು. ಗುಡ್ಡದ ಮಣ್ಣು ಜಾರುತ್ತಿತ್ತು, ಅಲ್ಲಿಗೆ ಯಾರನ್ನೂ ಕಳಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ಮಿರ್ಜಾನಿನಲ್ಲಿ ಇನ್ನೊಬ್ಬರಿಂದ ತಾತ್ಕಾಲಿಕ ಸಂಪರ್ಕ ಸಿಕ್ಕಿತು. ದೀವಗಿ ಸೇತುವೆ ದಾಟಿ ಬರುವ ಫೈಬರ್, ಉದ್ದ ಹನ್ನೆರಡೂವರೆ ಕಿಲೋಮೀಟರ್. ಕೈಯಲ್ಲಿದ್ದದ್ದು ಜೆಡ್‌ಆರ್ ಮಾಡ್ಯೂಲ್ ಮಾತ್ರ. 80 ಕಿಲೋಮೀಟರ್ ಓಡುವುದು 12 ಓಡದೇ ಇರುತ್ತದೆಯೇ ಎಂದುಕೊಂಡು ಅದನ್ನೇ ಹಾಕಿದೆವು.

ಲಿಂಕ್ ಎದ್ದಿತು. ಮೀಟರ್ ಹಿಡಿದ ಹುಡುಗ ಫೋನಿನಲ್ಲಿ, "ಅಣ್ಣಾ, ಲೈಟ್ ಮಸ್ತ್ ಬಂದದೆ, ಮೈನಸ್ ಎರಡು!" ಎಂದ. ನಾನೂ ಖುಷಿಪಟ್ಟೆ. ಮನೆಗಳ ಕನೆಕ್ಷನ್ನಿನಲ್ಲಿ ಮೈನಸ್ 26, 27 ನೋಡಿ ಒದ್ದಾಡುವ ನಮಗೆ ಮೈನಸ್ ಎರಡು ಎಂದರೆ ಹಬ್ಬ. ತಪ್ಪು ಶುರುವಾದದ್ದು ಅಲ್ಲೇ.

ಸಂಜೆಯೊಳಗೆ ದೂರು ಬರತೊಡಗಿತು. ಪಿಂಗ್ ಸರಿ ಹೋಗುತ್ತದೆ, ವಿಡಿಯೋ ನಿಲ್ಲುತ್ತದೆ. ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಬೀಳುತ್ತದೆ. ಸ್ವಿಚ್ಚಿನಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಹಾಳಾಗಿ ಬಂದ ಪ್ಯಾಕೆಟ್ಟಿನ ಲೆಕ್ಕ) ನಿಮಿಷಕ್ಕೆ ಸಾವಿರಗಟ್ಟಲೆ ಏರುತ್ತಿತ್ತು. ಎರರ್ ಎಂದರೆ ಕೊಳೆ ಎಂಬುದು ನಮ್ಮೆಲ್ಲರ ತಲೆಯಲ್ಲಿ ಕೂತಿರುವ ಮಾತು, ಹಾಗಾಗಿ ಎರಡೂ ಕಡೆ ಕನೆಕ್ಟರ್ ಒರೆಸಿದೆವು. ಮೀಟರಿನ ಓದು ಮೈನಸ್ 2.1ರಿಂದ ಮೈನಸ್ 1.4ಕ್ಕೆ ಬಂತು. ಎರರ್ ಕಮ್ಮಿಯಾಗಲಿಲ್ಲ, ಹೆಚ್ಚಾಯಿತು. ಒರೆಸಿದ ಮೇಲೆ ಲಿಂಕ್ ಕೆಟ್ಟರೆ ಅಲ್ಲೇ ನಿಂತು ಯೋಚಿಸಬೇಕು. ಆ ಚೂರು ಕೊಳೆಯೇ ಅಷ್ಟು ಹೊತ್ತು ರಿಸೀವರನ್ನು ಕಾಯುತ್ತಿತ್ತು. ನನಗೆ ಅದು ಹೊಳೆಯಲಿಲ್ಲ.

ಮಾಡ್ಯೂಲೇ ಕೆಟ್ಟಿರಬೇಕೆಂದು ಎರಡನ್ನೂ ಆಫೀಸಿಗೆ ತರಿಸಿ, ಮೇಜಿನ ಮೇಲೆ ಒಂದು ಮೀಟರ್ ಉದ್ದದ ಪ್ಯಾಚ್‌ಕಾರ್ಡಿನಿಂದ (ಎರಡೂ ತುದಿಗೆ ಕನೆಕ್ಟರ್ ಇರುವ ಫೈಬರ್ ತುಂಡು) ಒಂದಕ್ಕೊಂದು ಜೋಡಿಸಿದೆ. 10 ಕಿಲೋಮೀಟರಿನ ಎಲ್‌ಆರ್ ಮಾಡ್ಯೂಲನ್ನು ಎಷ್ಟೋ ಸಲ ಹಾಗೆ ಪರೀಕ್ಷಿಸಿದ್ದೇನೆ, ಏನೂ ಆಗಿರಲಿಲ್ಲ. ಆಗುವುದೂ ಇಲ್ಲ, ಎಲ್‌ಆರ್ ಅತಿ ಹೆಚ್ಚೆಂದರೆ ಪ್ಲಸ್ ಅರ್ಧ ಡಿಬಿಎಂ ಕಳಿಸುತ್ತದೆ, ಅದರ ರಿಸೀವರ್ ತಡೆಯುವುದೂ ಅಷ್ಟನ್ನೇ. ಜೆಡ್‌ಆರ್ ಹಾಗಲ್ಲ. ಕಳಿಸುವುದು 0ರಿಂದ ಪ್ಲಸ್ 4, ತಡೆಯುವುದು ಮೈನಸ್ 7ರವರೆಗೆ ಮಾತ್ರ. ಮೇಜಿನ ಮೇಲೂ ಎರರ್ ಬಂತು. ಹೊಸ ಜೋಡಿ ತೆಗೆದು ಹಾಗೇ ಜೋಡಿಸಿದೆ, ಅದರಲ್ಲೂ ಬಂತು. ನಾಲ್ಕೂ ಕೆಟ್ಟ ಮಾಲು ಎಂದು ಅಂಗಡಿಯವನಿಗೆ ಬೈದೆ. ಅವು ಕೆಟ್ಟದ್ದು ನನ್ನ ಮೇಜಿನ ಮೇಲೆ.

ಜೆಡ್‌ಆರ್ ರಿಸೀವರಿನ ಒಳಗಿರುವುದು ಎಪಿಡಿ ಎಂಬ ಡಯೋಡ್. ದೂರದಿಂದ ಸೋತು ಬರುವ ಬೆಳಕನ್ನು ಹಿಡಿಯಲೆಂದು ಅದಕ್ಕೆ ಹೆಚ್ಚಿನ ವೋಲ್ಟೇಜ್ ಕೊಟ್ಟಿರುತ್ತಾರೆ. ಬೆಳಕಿನಿಂದ ಎದ್ದ ಒಂದು ಎಲೆಕ್ಟ್ರಾನ್ ಹೋಗಿ ಇನ್ನಷ್ಟನ್ನು ಎಬ್ಬಿಸುತ್ತದೆ, ಸಣ್ಣ ಸಿಗ್ನಲ್ ದೊಡ್ಡದಾಗುತ್ತದೆ. ಅಂಥದ್ದರ ಮೇಲೆ ಜೋರು ಬೆಳಕು ಬಿದ್ದರೆ ಮೊದಲು ಸಿಗ್ನಲಿನಲ್ಲಿ ಸೊನ್ನೆ ಯಾವುದು, ಒಂದು ಯಾವುದು ಎಂದು ತಿಳಿಯುವುದು ತಪ್ಪುತ್ತದೆ, ಆಮೇಲೆ ಕರೆಂಟು ಹೆಚ್ಚಿ ಡಯೋಡೇ ಸುಡುತ್ತದೆ. ಡಿಬಿ ಲೆಕ್ಕದಲ್ಲಿ 3 ಎಂದರೆ ಎರಡು ಪಟ್ಟು, 10 ಎಂದರೆ ಹತ್ತು ಪಟ್ಟು. ಮಿತಿ ಮೈನಸ್ 7 ಇರುವಲ್ಲಿ ಮೈನಸ್ 1.4 ಕೊಟ್ಟೆವೆಂದರೆ ಮೂರೂವರೆ ಪಟ್ಟಿಗೂ ಹೆಚ್ಚು. ಮೇಜಿನ ಮೇಲೆ ಎಂಟು ಪಟ್ಟು ಬಿದ್ದಿರಬೇಕು.

ಆ ರಾತ್ರಿ ಹುಡುಗನೊಬ್ಬ ಪ್ಯಾಚ್‌ಕಾರ್ಡನ್ನು ಪೆನ್ಸಿಲಿಗೆ ನಾಲ್ಕು ಸುತ್ತು ಸುತ್ತಿ ಟೇಪ್ ಹಚ್ಚಿದ. ಎರರ್ ನಿಂತಿತು! ಬೆಳಗಾಗುವುದರೊಳಗೆ ಮತ್ತೆ ಬಂತು. ಬಗ್ಗಿಸಿದಾಗ ಬೆಳಕು ಸೋರುವುದು ನಿಜ, 1550ರಲ್ಲಿ ಇನ್ನೂ ಹೆಚ್ಚು ಸೋರುತ್ತದೆ. ಆದರೆ ಎಷ್ಟು ಸೋರುತ್ತದೆಂಬುದು ಕೈಲಿರುವುದಿಲ್ಲ, ಟೇಪ್ ಸಡಿಲವಾದರೆ ಮುಗಿಯಿತು. ಬಗ್ಗಿದ ಗಾಜು ಮುಂದೆ ಎಂದಾದರೂ ಒಳಗಿನಿಂದಲೇ ಬಿರುಕು ಬಿಡಬಹುದು. ಒಂದು ರಾತ್ರಿಗೂ ಇದನ್ನು ಮಾಡಬೇಡಿ. ಆದರೂ ಆ ಪೆನ್ಸಿಲಿನಿಂದಲೇ ನನಗೆ ಅನುಮಾನ ಹುಟ್ಟಿತು: ಬೆಳಕು ಕಮ್ಮಿ ಮಾಡಿದರೆ ಲಿಂಕ್ ಸರಿಹೋಗುವುದು ಹೇಗೆ?

ಹುಬ್ಬಳ್ಳಿಯ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಒಂದೇ ಪ್ರಶ್ನೆ ಕೇಳಿದರು, "ತಮ್ಮಾ, ರಿಸೀವರಿನ ಮ್ಯಾಕ್ಸಿಮಮ್ ಎಷ್ಟೈತಿ ನೋಡೀಯೇನು?" ನೋಡಿರಲಿಲ್ಲ. ನಾನು ಯಾವಾಗಲೂ ನೋಡುತ್ತಿದ್ದದ್ದು ಕೆಳಗಿನ ಮಿತಿಯನ್ನು ಮಾತ್ರ. ಸ್ವಿಚ್ಚಿನಲ್ಲಿ ಡಿಡಿಎಂ (ಮಾಡ್ಯೂಲ್ ತಾನೇ ಅಳೆದು ತೋರಿಸುವ ಓದು) ತೆಗೆದರೆ ಆರ್‌ಎಕ್ಸ್ ಪವರ್, ಅಂದರೆ ಒಳಬರುವ ಬೆಳಕಿನ ಮುಂದೆ ಹೈ ಅಲಾರ್ಮ್ ಮೊದಲ ದಿನದಿಂದಲೇ ಕಾಣುತ್ತಿತ್ತು.

ಬೆಳಕನ್ನು 10 ಡಿಬಿ ಕಮ್ಮಿ ಮಾಡುವ, ಎಲ್‌ಸಿ ಕನೆಕ್ಟರಿನ ಅಟೆನ್ಯುಯೇಟರ್ ಕುಮಟಾದಲ್ಲೂ ಸಿಗಲಿಲ್ಲ, ಶಿರಸಿಯಲ್ಲೂ ಸಿಗಲಿಲ್ಲ. ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿಸಿ ತರಿಸಿದೆವು. ಹೆಬ್ಬೆರಳಿನಷ್ಟು ಉದ್ದದ ವಸ್ತು. ಎರಡೂ ಕಡೆ ರಿಸೀವ್ ಬದಿಗೆ ಸಿಕ್ಕಿಸಿದ ಕೂಡಲೇ ಓದು ಮೈನಸ್ 11.4, ಎರರ್ ಸೊನ್ನೆ. 5 ಡಿಬಿಯದ್ದು ಹಾಕಿದ್ದರೆ ಮೈನಸ್ 6.4 ಆಗಿ ಮಿತಿಯ ಮೇಲೇ ಉಳಿಯುತ್ತಿತ್ತು, ಕೊಳ್ಳುವ ಮೊದಲು ಈ ಕೂಡು-ಕಳೆ ಮಾಡಿಕೊಳ್ಳಿ. ಕನೆಕ್ಟರ್ ನೀಲಿಯೋ ಹಸಿರೋ ನೋಡಿಕೊಳ್ಳಿ, ಎರಡನ್ನೂ ಬೆರೆಸಬೇಡಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮಳೆ ಹೊಳವಾದ ಮೇಲೆ ಘಾಟಿನ ಕೇಬಲ್ ಜೋಡಿಸಿದರು. ಮಿರ್ಜಾನಿನ ಲಿಂಕಿನಲ್ಲಿದ್ದ ಅದೇ ಮಾಡ್ಯೂಲ್ ತಂದು ಕುಮಟಾದ ತುದಿಯಲ್ಲಿ ಹಾಕಿದೆವು. ಶಿರಸಿ ಲಿಂಕ್ ಐದು ನಿಮಿಷಕ್ಕೊಮ್ಮೆ ಬೀಳತೊಡಗಿತು. ಹೊಸ ಜಾಯಿಂಟೇ ಸರಿಯಿಲ್ಲವೆಂದು ನಾನೇ ತೀರ್ಮಾನಿಸಿ ಇಬ್ಬರನ್ನು ದೇವಿಮನೆಗೆ ಅಟ್ಟಿದೆ. ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ನಿನ ಮೇಲೆ ಟಾರ್ಪಾಲ್ ಹಿಡಿದುಕೊಂಡು, ಕಾಲಿನ ಉಂಬಳ ಕೀಳುತ್ತ ಅವರು ಬಾಕ್ಸ್ ಬಿಚ್ಚಿ ಮತ್ತೆ ಜೋಡಿಸಿದರು. ಲಿಂಕ್ ಬಿದ್ದಿತು. ಮರುದಿನ ಮತ್ತೆ ಕಳಿಸಿದೆ. ಪಲ್ಸ್ ಕಳಿಸಿ ಫೈಬರಿನ ದೋಷ ಹುಡುಕುವ ಒಟಿಡಿಆರ್‌ನಲ್ಲಿ ಗೆರೆ ಚೊಕ್ಕವಾಗಿತ್ತು, ಆದರೂ ನಾನು ನಂಬಲಿಲ್ಲ.

ಉತ್ತರ ನನ್ನ ಕಣ್ಣೆದುರೇ ಇತ್ತು. ಮೀಟರಿನಲ್ಲಿ ಮೈನಸ್ 16.2, ಅದೇ ಫೈಬರನ್ನು ಮಾಡ್ಯೂಲಿಗೆ ಹಾಕಿದರೆ ಡಿಡಿಎಂನಲ್ಲಿ ಮೈನಸ್ 21. ಡಿಡಿಎಂ 3 ಡಿಬಿ ಹಿಂದೆಮುಂದೆ ತೋರಿಸುವುದು ಮಾಮೂಲು, ಹಾಗೆಂದು ಬಿಟ್ಟೆ. ಸುಮಾರು 5 ಡಿಬಿ ವ್ಯತ್ಯಾಸ ಮಾಮೂಲಲ್ಲ. ಆ ರಿಸೀವರ್ ಅರ್ಧ ಸತ್ತಿತ್ತು. ಮಿರ್ಜಾನಿನ ಮೈನಸ್ 11ರಲ್ಲಿ ಹೇಗೋ ನಡೆದದ್ದು ಶಿರಸಿಯ ಮೈನಸ್ 16ರಲ್ಲಿ ನಡೆಯಲಿಲ್ಲ. ಬೇರೆ ಕಡೆಯಿಂದ ಹೊಸ ಮಾಡ್ಯೂಲ್ ತಂದು ಹಾಕಿದ ಮೇಲೆ ಲಿಂಕ್ ಈವರೆಗೂ ಒಂದು ಸಲ ಬಿದ್ದಿಲ್ಲ.

ಹಾಗಾಗಿ ಹೇಳುತ್ತೇನೆ, ಒಮ್ಮೆ ಹೆಚ್ಚು ಬೆಳಕು ತಿಂದ ಮಾಡ್ಯೂಲನ್ನು ಸರಿ ಇದೆ ಎಂದು ಸ್ಪೇರ್ ಡಬ್ಬಿಗೆ ಹಾಕಬೇಡಿ. ಜೆಡ್‌ಆರ್ ಆಗಲಿ 40 ಕಿಲೋಮೀಟರಿನ ಇಆರ್ ಆಗಲಿ, ಅಟೆನ್ಯುಯೇಟರ್ ಇಲ್ಲದೆ ಮೇಜಿನ ಮೇಲೆ ಜೋಡಿಸಬೇಡಿ. ಒಟಿಡಿಆರ್ ಹಚ್ಚುವ ಮೊದಲು ಆಚೆ ತುದಿಯ ಮಾಡ್ಯೂಲಿನಿಂದ ಫೈಬರ್ ಬಿಚ್ಚಿಸಿ, ಅದರ ಪಲ್ಸೂ ರಿಸೀವರನ್ನು ಸುಡಬಲ್ಲದು. ಮೀಟರನ್ನು 1550ಕ್ಕೆ ಇಟ್ಟು ಅಳೆಯಿರಿ, ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ, ಆ ಬೆಳಕು ಕಾಣುವುದಿಲ್ಲ.

ಮನೆ ಕನೆಕ್ಷನ್ ಮಾಡುವವರಿಗೂ ಇದೇ ಮಾತು. ಜಿಪಾನ್ ಒಎನ್‌ಯು (ಮನೆಯಲ್ಲಿ ಕೂರಿಸುವ ಫೈಬರ್ ಪೆಟ್ಟಿಗೆ) ತಡೆಯುವುದು ಮೈನಸ್ 8ರವರೆಗೆ. ಒಎಲ್‌ಟಿ (ಮನೆಗಳಿಗೆಲ್ಲ ಬೆಳಕು ಕಳಿಸುವ ನಮ್ಮ ಕಡೆಯ ಯಂತ್ರ) ಪಕ್ಕದ ಕಟ್ಟಡದಲ್ಲೇ ಇದೆಯೆಂದು ಬೆಳಕು ಹಂಚುವ ಸ್ಪ್ಲಿಟರ್ ಇಲ್ಲದೆ ನೇರ ಎಳೆದರೆ ಪ್ಲಸ್ 2, 3 ಹೋಗಿ ಬೀಳುತ್ತದೆ. ಕೆಂಪು ದೀಪ ನೋಡಿ ಬೆಳಕಿಲ್ಲವೆಂದು ತಿಳಿದು ಕೇಬಲ್ ಬದಲಿಸುತ್ತ ಕೂರುತ್ತೀರಿ.

ನಮ್ಮ ಬ್ಯಾಗಿನಲ್ಲಿ ಈಗ 5, 10, 15 ಡಿಬಿಯ ಅಟೆನ್ಯುಯೇಟರ್ ಎರಡೆರಡು ಇವೆ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯವರಿಗೆ ಮಳೆಯಲ್ಲಿ ತುರ್ತಾಗಿ ಬೇಕಾದರೆ ಕೇಳಿ, ಹುಬ್ಬಳ್ಳಿ ಬಸ್ಸಿಗೆ ಕಾಯುವುದು ಬೇಡ.