ಹಳೇ ಪದ್ಮಿನಿಗೆ ಡಿಎ ಪಾಲಿಶರ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಾರು ಹಳೇದಾಗಿದ್ದು ಅದರ ಮೇಲೆ ಹಳೇ ಪೇಂಟೇ ಉಳಿದಿದ್ದರೆ ಈ ಮೆಷಿನ್ ತಗೊಳ್ಳಿ. ಆನ್‌ಲೈನಲ್ಲಿ ಸಿಗುವ ಸಾದಾ 5 ಇಂಚಿನ ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್ ಇದು, ಪೇಂಟ್ ಉಜ್ಜಿ ಹೊಳಪು ತರುವ ಕೈ ಮೆಷಿನ್. ನನ್ನ ಗಾಡಿ ಕಡು ನೀಲಿ ಪ್ರೀಮಿಯರ್ ಪದ್ಮಿನಿ, ಮಾವ ಓಡಿಸುತ್ತಿದ್ದದ್ದು. ಬಳ್ಳಾರಿ ಬಿಸಿಲಿಗೆ ಬಾನೆಟ್ಟು, ರೂಫು ಎರಡೂ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು.

ಗ್ಯಾರೇಜುಗಳಲ್ಲಿ ಗಿರ್ರನೆ ಸುತ್ತುವ ರೋಟರಿ ಪಾಲಿಶರ್ ಹಿಡಿಯುತ್ತಾರೆ. ಕೆಲಸ ಬೇಗ ಮುಗಿಯುತ್ತೆ, ಆದರೆ ಪೇಂಟ್ ಬಿಸಿಯಾಗೋದು ಜಾಸ್ತಿ, ಕೈ ಸ್ವಲ್ಪ ನಿಂತರೂ ಅಂಚಿನಲ್ಲಿ ಪೇಂಟ್ ಸವೆದು ಅಡಿಯ ಪ್ರೈಮರ್ ಕಾಣುತ್ತೆ. ಡಿಎ ಪ್ಯಾಡ್ ಸುತ್ತುತ್ತಲೇ ಆಚೀಚೆ ಅಲುಗುತ್ತೆ, ಜೋರಾಗಿ ಒತ್ತಿದರೆ ಸುತ್ತೋದೇ ನಿಲ್ಲುತ್ತೆ. ನಿಧಾನ. ನಾನು ದುಡ್ಡು ಕೊಟ್ಟಿದ್ದೇ ಆ ನಿಧಾನಕ್ಕೆ, ಯಾಕಂದ್ರೆ ತೆಳ್ಳಗಾದ ಪೇಂಟ್ ವಾಪಸ್ ಬರಲ್ಲ.

ಪ್ಯಾಡ್ ನೀಲಿ ಆಯ್ತು ಅಂತ ಗಾಬರಿ ಆಗಬೇಡಿ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ, ಹಳೇ ಸಿಂಗಲ್ ಸ್ಟೇಜ್ ಪೇಂಟಿನಲ್ಲಿ ಬಣ್ಣವೂ ಹೊಳಪೂ ಒಂದೇ ಪದರದಲ್ಲಿ. ಬಿಸಿಲಿಗೆ ಒಣಗಿ ಪುಡಿಯಾಗೋದು ಮೇಲಿನ ತೆಳು ಭಾಗ. ಪ್ಯಾಡಿಗೆ ಬರೋದು ಅದೇ, ಕೆಳಗೆ ಬಣ್ಣ ಇನ್ನೂ ಇರುತ್ತೆ. ಹೊಸ ಕಾರಿನಲ್ಲಿ ಕ್ಲಿಯರ್ ಕೋಟೇ ಸಿಪ್ಪೆ ಏಳುತ್ತಿದ್ದರೆ ಮಾತ್ರ ಯಾವ ಪಾಲಿಶೂ ಕೆಲಸ ಮಾಡಲ್ಲ, ಪೇಂಟೇ ಗತಿ.

ನಮ್ಮೂರಲ್ಲಿ ಪಾಲಿಶಿಗಿಂತ ದೊಡ್ಡ ಕೆಲಸ ಧೂಳು ತೆಗೆಯೋದು. ಸಂಡೂರು ಕಡೆಯಿಂದ ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ಮನೆ ಇದ್ದರೆ ಗೊತ್ತಿರುತ್ತೆ, ಕೆಂಪು ಪುಡಿ ಬಾಗಿಲ ಸಂದಿ, ಗ್ರಿಲ್ಲು, ರಬ್ಬರ್ ಬೀಡಿಂಗ್ ಒಳಗೆಲ್ಲ ಹೊಕ್ಕಿರುತ್ತೆ. ಅದು ಕಬ್ಬಿಣದ ಅದಿರು ಕಣ್ರೀ, ಪೇಂಟಿಗಿಂತ ಎಷ್ಟೋ ಗಟ್ಟಿ. ಬೆಳಗ್ಗೆ ಹಳೇ ಬನಿಯನ್ ತಗೊಂಡು ಒಣ ಕಾರನ್ನು ಒರೆಸುತ್ತಾರಲ್ಲ, ಬಿಸಿಲಲ್ಲಿ ಕಾಣುವ ಜೇಡರ ಬಲೆಯಂಥ ಗೆರೆಗಳಲ್ಲಿ ಅರ್ಧ ಅದರದ್ದೇ. ಮೊದಲು ಬರೀ ನೀರು, ಆಮೇಲೆ ಶಾಂಪೂ, ಆಮೇಲೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆ ತುಂಡು). ಬೋರ್ ನೀರಾದರೆ ಒಣಗಲು ಬಿಡಬೇಡಿ, ಉಪ್ಪಿನ ಕಲೆ ಕೂರುತ್ತೆ.

ಅಂಚುಗಳಲ್ಲಿ ಪೇಂಟ್ ತೆಳ್ಳಗಿರುತ್ತೆ. ಪದ್ಮಿನಿಯ ಹಿಂದಿನ ಸಣ್ಣ ರೆಕ್ಕೆಗಳ ಮೇಲೂ ಬಾನೆಟ್ಟಿನ ಉಬ್ಬು ಗೆರೆಗಳ ಮೇಲೂ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಿ ಕೈಯಿಂದಲೇ ಉಜ್ಜುತ್ತೇನೆ. ಮೊದಲು ಮೆತ್ತನೆ ಪ್ಯಾಡ್, ನಯವಾದ ಪಾಲಿಶ್. ಅದಕ್ಕೆ ಬಗ್ಗದಿದ್ದರೆ ಮಾತ್ರ ಕಾಂಪೌಂಡ್, ಅಂದ್ರೆ ಇನ್ನೂ ಒರಟಾದ ಪಾಲಿಶ್. ಕೌಲ್ ಬಜಾರಿನ ಪೇಂಟರ್ ಒಬ್ಬರು ನೋಡಿ, "ಸರ, ಇಷ್ಟು ಹೊತ್ತು ಯಾಕ, ಎರಡು ಸಾವಿರದ ವಾಟರ್ ಪೇಪರ್ ಹೊಡೀರಿ" ಅಂದರು, ಅಂದ್ರೆ ನೀರು ಹಾಕಿ ಉಜ್ಜುವ 2000 ಗ್ರಿಟ್ಟಿನ ಉಪ್ಪುಕಾಗದ. ಹೊಡೆಯಲಿಲ್ಲ. ಎಷ್ಟು ಪೇಂಟ್ ಉಳಿದಿದೆ ಅಂತ ಅಳೆಯದೆ ವಾಟರ್ ಪೇಪರ್ ಮುಟ್ಟಬಾರದು ಅನ್ನೋದು ನನ್ನ ಹಟ.

ಈಗ ಮೆಷಿನಿನ ದೂರು. ಬೇಸಿಗೆಯಲ್ಲಿ ಪ್ಯಾಡ್ ಹಿಡಿಯುವ ಪ್ಲೇಟಿನ ವೆಲ್ಕ್ರೋ ಅಂಟು ಬಿಟ್ಟು ಎದ್ದು ಬಂತು. ಪ್ಲೇಟ್ ವಾರಂಟಿಗೆ ಬರಲ್ಲ ಅಂದರು. ಅದಕ್ಕೇ ಹೊಂದುವ ಪ್ಲೇಟ್ ಬೇರೆ ಸಿಗುತ್ತಾ ನೋಡಿಕೊಂಡೇ ಮೆಷಿನ್ ತಗೊಳ್ಳಿ. ವೈರ್ ಗಿಡ್ಡ, ಎಕ್ಸ್‌ಟೆನ್ಷನ್ ಬೇಕೇ ಬೇಕು. ಮೆಷಿನಿಗೆ ಸುರಿಯುವ ದುಡ್ಡಲ್ಲಿ ಸ್ವಲ್ಪ ಉಳಿಸಿ ಪ್ಯಾಡ್ ಜಾಸ್ತಿ ತಗೊಳ್ಳಿ. ಹಳೇ ಪೇಂಟಿನ ಪುಡಿ ತುಂಬಿದ ಪ್ಯಾಡ್ ಉಜ್ಜೋದಕ್ಕಿಂತ ಗೀಚೋದೇ ಹೆಚ್ಚು. ಬಿಸಿಲೇರುವ ಮುಂಚೆ ಮುಗಿಸಿ, ಬಿಸಿ ತಗಡಿನ ಮೇಲೆ ಪಾಲಿಶ್ ಹಾಕಿದ ಕೂಡಲೇ ಒಣಗಿ ಕೂರುತ್ತೆ.

ಹೊಳಪು ಎಷ್ಟು ದಿನ ಅಂತ ಕೇಳುತ್ತಾರೆ. ನೆರಳಲ್ಲಿ ನಿಲ್ಲಿಸಿ, ಮೇಲೆ ವ್ಯಾಕ್ಸ್ ಹಾಕುತ್ತಿದ್ದರೆ ಬಾಗಿಲುಗಳು ಚೆನ್ನಾಗೇ ಇರುತ್ತವೆ, ರೂಫ್ ಬೇಗ ಮಂಕಾಗುತ್ತೆ. ಪದ್ಮಿನಿಗೆ ಈಗ ಮೆಷಿನ್ ಅಪರೂಪಕ್ಕೆ ಮುಟ್ಟಿಸುತ್ತೇನೆ, ವ್ಯಾಕ್ಸ್ ಸಾಕು. ಮೆಷಿನಿಗೆ ಜಾಸ್ತಿ ಕೆಲಸ ಕೊಡುತ್ತಿರೋದು ನೆಂಟರ ಹೊಸ ಕಾರುಗಳ ಹಳದಿಯಾದ ಪ್ಲಾಸ್ಟಿಕ್ ಹೆಡ್‌ಲೈಟುಗಳು. ಪದ್ಮಿನಿಯದ್ದು ಗಾಜು, ಆ ಕಾಟ ಇಲ್ಲ.