ಪಿಪಿಎಫ್ ಖಾತೆ: 16 ಕಾಫಿ ಬೆಳೆಗಳ ಲೆಕ್ಕ

2009ರ ಜೂನ್‌ನಲ್ಲಿ ನಾನು ತೆರೆದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ, ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. 15 ವರ್ಷದ ಖಾತೆ ಅಂತಾರೆ. ಆದರೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ 15 ವರ್ಷ ಎಣಿಸಬೇಕು. ಹಾಗಾಗಿ ನಾನು 16 ಸಲ ಕಟ್ಟಿದೆ.

ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಐದು ಎಕರೆ ರೋಬಸ್ಟಾ ಕಾಫಿ ತೋಟ. ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ನಮ್ಮ ಕಡೆ ಹಣ ಬರುವುದು ವರ್ಷಕ್ಕೆ ಒಂದೇ ಸಲ. ಕೊಯ್ಲು ಮುಗಿದು ಚೆರ್ರಿ (ಕಾಫಿ ಹಣ್ಣು) ಒಣಗಿಸಿ ಮಾರಿದರೆ ಮಾರ್ಚ್ ಹೊತ್ತಿಗೆ ಕೈ ತುಂಬಾ ದುಡ್ಡು. ಸ್ಪ್ರಿಂಕ್ಲರ್‌ಗೆ ಡೀಸೆಲ್, ಗೊಬ್ಬರ, ಆಳಿನ ಕೂಲಿ, ಮದುವೆ ಮುಂಜಿ, ಯಾರೋ ಕೇಳಿದ ಕೈಸಾಲ. ಮುಂಗಾರು ಹಿಡಿಯುವಷ್ಟರಲ್ಲಿ ಎಲ್ಲ ಖಾಲಿ. ಆಗಸ್ಟ್‌ನಲ್ಲಿ ಮತ್ತೆ ಬರುವ ಬೆಳೆಯ ಮೇಲೆ ಅಡ್ವಾನ್ಸ್ ಕೇಳುವುದು. ಅಪ್ಪನ ಕಾಲದಿಂದಲೂ ಇದೇ ನಡೆದಿತ್ತು.

ಮೊದಲ ಎರಡು ವರ್ಷ ಖರ್ಚೆಲ್ಲ ಕಳೆದು ಉಳಿದದ್ದನ್ನು ಜೂನ್‌ನಲ್ಲಿ ಕಟ್ಟಿದೆ, 30,000ದಂತೆ. ಅಷ್ಟು ಉಳಿಸಲೂ ಒದ್ದಾಡಿದ್ದೆ. ಆಮೇಲೆ ಹಾಸನದಲ್ಲಿರುವ ಸ್ನೇಹಿತರೊಬ್ಬರು 5ನೇ ತಾರೀಖಿನ ವಿಷಯ ಹೇಳಿದರು. ಪ್ರತಿ ತಿಂಗಳು 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ಸಿಗುತ್ತದೆ. ಜೂನ್ 10ಕ್ಕೆ ಕಟ್ಟಿದರೆ ಮೂರು ತಿಂಗಳಿನದು ಹೋಯಿತು. ಕಾಫಿ ಹಣ ಬರುವುದೂ ಅದೇ ಹೊತ್ತಿಗೆ ಅಲ್ವಾ? 2011ರಿಂದ ಏಪ್ರಿಲ್ ಮೊದಲ ವಾರದಲ್ಲೇ 50,000 ಕಟ್ಟಿ, ಉಳಿದದ್ದರಲ್ಲಿ ಸಂಸಾರ ನಡೆಸಿದೆವು. ನಮ್ಮ ಮನೆಯ ಲೆಕ್ಕ ಬದಲಾಗಿದ್ದೇ ಅಲ್ಲಿಂದ.

2018ರ ಆಗಸ್ಟ್ ಮಳೆಯನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಶಿರಾಡಿ ಘಾಟಿ ಮುಚ್ಚಿತು, ಸುಬ್ರಹ್ಮಣ್ಯದ ಕಡೆಯ ರೈಲು ನಿಂತಿತು. ತೋಟದಲ್ಲಿ ಕಾಯಿ ಉದುರಿ ನೆಲದ ತುಂಬಾ ಕೊಳೆಯಿತು, ಮೆಣಸಿನ ಬಳ್ಳಿ ಹಳದಿಯಾಗಿ ಸತ್ತವು. ಆ ಬೆಳೆಯಲ್ಲಿ ಕೂಲಿ ಹುಟ್ಟಿದ್ದೇ ಹೆಚ್ಚು. 2019ರ ಏಪ್ರಿಲ್‌ನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಬಡ್ಡಿಯ ಸಾಲಿನಲ್ಲಿ 51,000ದ ಮೇಲಿತ್ತು. ಆ ವರ್ಷ ನಾನು ಕಟ್ಟಿದ್ದು 50,000. ಕಟ್ಟಿದ್ದಕ್ಕಿಂತ ಬಡ್ಡಿ ಜಾಸ್ತಿಯಾದದ್ದು ಅದೇ ಮೊದಲು, ಅದೂ ತೋಟ ಕೈಕೊಟ್ಟ ವರ್ಷ. ಆ ಪುಟವನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಇಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ.

ಹೊಸ ವರ್ಷದ ಕಂತಿಗೆ ದುಡ್ಡಿರಲಿಲ್ಲ. 500 ರೂಪಾಯಿ ಕಟ್ಟಿದೆ. ಖಾತೆ ಜೀವಂತ ಇರಲು ವರ್ಷಕ್ಕೆ ಅಷ್ಟು ಸಾಕು. ಅದನ್ನೂ ತಪ್ಪಿಸಿದರೆ ಬಾಕಿಯ ಜೊತೆಗೆ ವರ್ಷಕ್ಕೆ 50 ರೂಪಾಯಿ ದಂಡ. ಜೂನ್‌ನಲ್ಲಿ ಬಳ್ಳಿ ಹೊಸದಾಗಿ ನೆಡಲು 80,000 ತೆಗೆದೆ. ಏಳನೇ ಹಣಕಾಸು ವರ್ಷದಿಂದ ವರ್ಷಕ್ಕೊಮ್ಮೆ ಒಂದು ಮಿತಿಯೊಳಗೆ ತೆಗೆಯಬಹುದು. ಆ ಸಂಕಟದಲ್ಲಿ ಪೂರ್ತಿ ಸಿಗುವಂತಿದ್ದರೆ ಖಂಡಿತ ಪೂರ್ತಿ ತೆಗೆಯುತ್ತಿದ್ದೆ. ನಿಯಮ ಬಿಡಲಿಲ್ಲ, ಹಾಗಾಗಿ ಉಳಿಯಿತು. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಡಿಕ್ರಿ ತಂದರೂ ಈ ಹಣವನ್ನು ಜಪ್ತಿ ಮಾಡಿಸಲು ಬರುವುದಿಲ್ಲ. ಬೆಳೆಗಾರರು ಇದನ್ನು ತಿಳಿದಿರಬೇಕು.

ಕೊರತೆಯೂ ಇದೆ. 2012-13ರಲ್ಲಿ ಶೇ 8.8 ಇದ್ದ ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿಯಿತು. ನನ್ನ ಅವಧಿ ಮುಗಿಯುವವರೆಗೂ ಮೇಲೇಳಲಿಲ್ಲ. ಬಡ್ಡಿಗೆ ತೆರಿಗೆ ಇಲ್ಲ, ನಿಜ. ಆದರೆ ಗೊಬ್ಬರ, ಕೂಲಿ, ಕಾಲೇಜು ಫೀಸು ಏರಿದ ವೇಗಕ್ಕೆ ಇದು ಸಾಲದು. ಅದಕ್ಕೇ 2020ರ ನಂತರ ಇಂಡೆಕ್ಸ್ ಫಂಡ್‌ನಲ್ಲೂ (ಷೇರು ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡ್) ಸ್ವಲ್ಪ ಹಾಕುತ್ತಿದ್ದೇನೆ. ಪಿಪಿಎಫ್ ಒಂದರಿಂದಲೇ ಶ್ರೀಮಂತರಾಗುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2020ರಿಂದ ಐದು ವರ್ಷ 60,000ದಂತೆ ಕಟ್ಟಿದೆ. ಒಟ್ಟು ಕಟ್ಟಿದ್ದು 7,60,500. ತೆಗೆದ 80,000 ಬಿಟ್ಟು ಕೊನೆಗೆ ಖಾತೆಯಲ್ಲಿ ಇದ್ದದ್ದು 13 ಲಕ್ಷ 24 ಸಾವಿರದ ಹತ್ತಿರ. ಕೊನೆಯ ವರ್ಷದ ಬಡ್ಡಿಯೇ ಸುಮಾರು 87,800. ಮೊದಲ ಐದಾರು ವರ್ಷ ಏನೂ ಬೆಳೆಯುತ್ತಿಲ್ಲ ಅನ್ನಿಸುತ್ತದೆ. ಗಿಡ ನೆಟ್ಟ ಮೊದಲ ವರ್ಷಗಳಲ್ಲೂ ಹಾಗೇ ಅನ್ನಿಸುವುದು. ಬೇಸರಪಟ್ಟು ಅಲ್ಲಿಗೇ ನಿಲ್ಲಿಸಿದವರನ್ನು ನಮ್ಮ ಊರಲ್ಲೇ ನೋಡಿದ್ದೇನೆ. ನನಗೆ ಅದು ತುಂಬಾ ನೋವಿನ ವಿಷಯ.

ಅವಧಿ ಮುಗಿದ ಮೇಲೆ ಹಣ ಕಟ್ಟುತ್ತಾ ಐದು ವರ್ಷ ಮುಂದುವರಿಸಬೇಕೆಂದರೆ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಕೊಡದೆ ಸುಮ್ನೆ ಕಟ್ಟಿದರೆ ಆ ಹೊಸ ಹಣಕ್ಕೆ ಬಡ್ಡಿ ಇಲ್ಲ. ನನ್ನ ಖಾತೆ ಇರುವ ಶಾಖೆಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಅದೇ ಹಾಸನದ ಸ್ನೇಹಿತರು ನೆನಪಿಸಿದರು. 2025ರ ಏಪ್ರಿಲ್ 3ಕ್ಕೆ ಅರ್ಜಿ ಕೊಟ್ಟು, ಆ ವರ್ಷದ ಕಂತನ್ನೂ ಕಟ್ಟಿ ಬಂದೆ. ಕಾಫಿಗೆ ಒಳ್ಳೆಯ ಬೆಲೆ ಇತ್ತು. ಮೊದಲ ಸಲ ವರ್ಷದ ಮಿತಿಯಷ್ಟೂ, ಪೂರ್ತಿ ಒಂದೂವರೆ ಲಕ್ಷ ಕಟ್ಟಿದೆ.